ಕೆರೆಯಲ್ಲಿ ಕಲಿತು ಅಳಿವೆಗೆ ಹೋಗಿ: ಕಾಂಡ್ಲಾ ಗಿಡ ಮತ್ತು ನೀರುಹಕ್ಕಿಗಳ ಅಧ್ಯಯನಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯಿಂದ ಸಮುದ್ರ ಇನ್ನೂರು ಕಿಲೋಮೀಟರಿಗೂ ದೂರ. ಚಿತ್ರದುರ್ಗದಿಂದ ಇನ್ನೂ ಜಾಸ್ತಿ. ಆದರೂ ನಮ್ಮ ಕಡೆಯ ಜೀವಶಾಸ್ತ್ರದ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಸ್ಸು ಹತ್ತಿ ಗೋಕರ್ಣ, ಕಾರವಾರದ ಕಡೆ ಹೋಗುತ್ತಾರೆ. ದಾರಿಯಲ್ಲಿ ಕಾಂಡ್ಲಾ ಗಿಡ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ಸಿಗುತ್ತದೆ. ಮೇಷ್ಟ್ರು ಬೇರು ತೋರಿಸುತ್ತಾರೆ, ಎಲ್ಲರೂ ಫೋಟೊ ತೆಗೆಯುತ್ತಾರೆ, ಅರ್ಧ ಗಂಟೆಯಲ್ಲಿ ಬಸ್ಸು ಹೊರಡುತ್ತದೆ. ಅಷ್ಟು ದೂರ ಹೋಗಿ ಅಷ್ಟೇ ನೋಡಿ ಬರುವುದು ನನಗೆ ತುಂಬ ನೋವಿನ ವಿಷಯ.

ನಾನೂ ಮೊದಲ ಸಲ ಹಾಗೇ ಹೋಗಿದ್ದೆ. ಹುಣ್ಣಿಮೆಯ ದಿನ, ಬೆಳಗ್ಗೆ ಹನ್ನೊಂದಕ್ಕೆ ಕುಮಟಾ ಹತ್ತಿರ ಅಘನಾಶಿನಿ ನದಿಯ ಅಳಿವೆ, ಅಂದರೆ ನದಿ ಸಮುದ್ರ ಸೇರುವ ಜಾಗದ ದಡ ಮುಟ್ಟಿದೆವು. ನೀರು ತುಂಬಿ ನಿಂತಿತ್ತು. ಕೆಸರು ಬಯಲು ಇಲ್ಲ, ಬೇರು ಕಾಣುತ್ತಿಲ್ಲ, ಹಕ್ಕಿ ಒಂದೂ ಇಲ್ಲ. ಮೂರು ಗಂಟೆ ಕಾದು ವಾಪಸ್ ಬಂದೆವು. ಸಂಜೆ ಐದಕ್ಕೆ ಅದೇ ಜಾಗದಲ್ಲಿ ಕೆಸರೆಲ್ಲ ತೆರೆದುಕೊಂಡು ಹಕ್ಕಿಗಳು ತುಂಬಿರುತ್ತವೆ ಅನ್ನುವುದು ಆಮೇಲೆ ತಿಳಿಯಿತು.

ಆ ದಿನದಿಂದ ನನ್ನ ಪುಸ್ತಕದಲ್ಲಿ ಮೊದಲ ಕಾಲಮ್ಮು ಹಕ್ಕಿಯ ಹೆಸರಲ್ಲ, ನೀರಿನ ಮಟ್ಟ. ನಮ್ಮ ಕೆರೆಯಲ್ಲಿ ನೀರು ವರ್ಷಕ್ಕೊಂದು ಸಲ ಏರಿ ಇಳಿಯುತ್ತದೆ. ಅಳಿವೆಯಲ್ಲಿ ದಿನಕ್ಕೆ ಎರಡು ಸಲ. ಯಾವ ಗಿಡ ಎಲ್ಲಿ ಬೇರೂರಬೇಕು, ಯಾವ ಹಕ್ಕಿ ಎಲ್ಲಿ ನಿಂತು ತಿನ್ನಬೇಕು ಅನ್ನುವುದನ್ನು ಎರಡೂ ಕಡೆ ಬಹುಮಟ್ಟಿಗೆ ನೀರೇ ಹೇಳುತ್ತದೆ. ಹಾಗಾಗಿ ಕೆರೆಯಲ್ಲಿ ನಿಧಾನವಾಗಿ ಕಲಿತವರಿಗೆ ಅಳಿವೆಯ ಅವಸರ ಕಷ್ಟವಾಗುವುದಿಲ್ಲ.

ಹಂತ 1: ಒಂದು ಕೆರೆ ಹಿಡಿಯಿರಿ

ಹತ್ತು ಕೆರೆ ಸುತ್ತಬೇಡಿ. ಒಂದನ್ನೇ ಆರು ತಿಂಗಳು ನೋಡಿ. ದಾವಣಗೆರೆಯವರಿಗೆ ಕುಂದವಾಡ ಕೆರೆ ಇದೆ, ಬಾತಿ ಕೆರೆ, ಕೊಂಡಜ್ಜಿ ಕೆರೆ ಇವೆ. ಚನ್ನಗಿರಿಯವರಿಗೆ ಸೂಳೆಕೆರೆ ಇದೆ. ಆದರೆ ಅದು ತುಂಬ ದೊಡ್ಡದು. ಅಲ್ಲಿ ಇಡೀ ಕೆರೆ ಎಣಿಸಲು ಹೋಗದೆ ಒಂದು ಮೂಲೆ ಆರಿಸಿಕೊಳ್ಳಿ. ಹಿರಿಯೂರಿನವರಿಗೆ ವಾಣಿ ವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ.

ಮಾರಿಕಣಿವೆಯ ವಿಷಯ ಸ್ವಲ್ಪ ಹೇಳಬೇಕು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಊರೆಲ್ಲ ಬಾಗಿನ ಕೊಟ್ಟು ಸಂಭ್ರಮಪಟ್ಟಿತು, ಪಡಲೇಬೇಕಾದ ಸಂಭ್ರಮ ಅದು. ಆದರೆ ಉದ್ದ ಕಾಲಿನ ಹಕ್ಕಿಯ ಕಣ್ಣಿನಿಂದ ನೋಡಿ. ಕೆರೆ ತುಂಬಿದಾಗ ಅಂಚಿನ ತೆಳ್ಳನೆ ನೀರು, ಕೆಸರು ಎರಡೂ ಮುಳುಗುತ್ತವೆ. ಮುಳುಗು ಹಾಕುವ ನೀರುಕಾಗೆಗೆ ಆಳದ ನೀರಾದರೂ ನಡೆಯುತ್ತದೆ. ಕೆಸರಿನಲ್ಲಿ ಹುಳ ಕೆದಕುವ ಗದ್ದೆಗೊರವಕ್ಕೆ ನಡೆಯುವುದಿಲ್ಲ. ಅದಕ್ಕೇ "ಈ ವರ್ಷ ಹಕ್ಕಿ ಕಡಿಮೆ" ಎಂದು ಬರೆಯುವ ಮುಂಚೆ ನೀರು ಎಷ್ಟಿತ್ತು ಎಂದು ಬರೆಯಿರಿ. ಇಲ್ಲದಿದ್ದರೆ ಆ ಮಾತಿಗೆ ಅರ್ಥವಿಲ್ಲ.

ನೀರಿನ ಮಟ್ಟ ಅಳೆಯಲು ಯಂತ್ರ ಬೇಡ. ತೂಬಿನ ಕಲ್ಲಿಗೋ ಏರಿಯ ಮೆಟ್ಟಿಲಿಗೋ ಗುರುತು ಇಟ್ಟುಕೊಳ್ಳಿ. "ಮೇಲಿಂದ ಐದನೇ ಮೆಟ್ಟಿಲು ಕಾಣುತ್ತಿದೆ" ಎಂದು ಬರೆದರೂ ಸಾಕು. ಪ್ರತಿ ಸಲ ಅದೇ ಮೆಟ್ಟಿಲು ನೋಡಬೇಕು, ಅಷ್ಟೇ. ಭದ್ರಾ ನಾಲೆಯ ನೀರು ಬರುವ ಕೆರೆಯಾದರೆ ನಾಲೆಗೆ ನೀರು ಬಿಟ್ಟ ದಿನವನ್ನೂ ಬರೆದಿಡಿ.

ಹಂತ 2: ಸಾಮಾನು

8×42 ದುರ್ಬೀನು ಒಂದಿದ್ದರೆ ಇಬ್ಬರಿಗೆ ಸಾಕು. ಗಟ್ಟಿ ರಟ್ಟಿನ ನೋಟ್‌ಬುಕ್ಕು, ಎರಡು ಪೆನ್ಸಿಲ್ಲು. ಪೆನ್ನು ಬೇಡ. ನೀರು ಬಿದ್ದರೆ ಶಾಯಿ ಹರಡಿ ಬೆಳಗಿನ ಕೆಲಸವೆಲ್ಲ ಹೋಗುತ್ತದೆ. ದರ್ಜಿಯ ಟೇಪು, 50 ಮೀಟರ್ ನೈಲಾನ್ ಹಗ್ಗ, ಬಣ್ಣದ ಬಟ್ಟೆಚೂರು. ಇವು ಕರಾವಳಿಗೆ ಬೇಕು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಸಾಮಾನ್ಯವಾಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಇರುತ್ತದೆ, ಕೇಳಿ ಪಡೆಯಿರಿ.

ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ, ಲೇಸ್ ಬಿಗಿದು ಕಟ್ಟುವಂಥದ್ದು. ಚಪ್ಪಲಿ ಹಾಕಿದರೆ ಅದನ್ನು ಕೆಸರು ನುಂಗುತ್ತದೆ. ಬರಿಗಾಲಲ್ಲಿ ಇಳಿದರೆ ಕಲ್ಲಿಗೆ ಅಂಟಿದ ಸಿಂಪಿಯ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಹಂತ 3: ಮಂಡಕ್ಕಿಯಿಂದ ಎಣಿಕೆ ಕಲಿಯಿರಿ

ಹೊಸಬರು ಎಡವುವುದು ಹಕ್ಕಿಯ ಹೆಸರಿನಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ ಹೆಚ್ಚು ಎಡವುವುದು ಎಣಿಕೆಯಲ್ಲಿ. ಗುಂಪು ಎದ್ದು ಹಾರಿದಾಗ ಒಬ್ಬರು "ನೂರು" ಅಂದರೆ ಇನ್ನೊಬ್ಬರು "ಐನೂರು" ಅನ್ನುತ್ತಾರೆ.

ದಾವಣಗೆರೆಯಲ್ಲಿ ಇದಕ್ಕೆ ಒಳ್ಳೆಯ ಉಪಾಯ ಇದೆ. ಕಪ್ಪು ಬಟ್ಟೆ ಹಾಸಿ. ಒಂದು ಹಿಡಿ ಮಂಡಕ್ಕಿ ಚೆಲ್ಲಿ. ಐದು ಎಣಿಸುವಷ್ಟು ಹೊತ್ತು ನೋಡಿ, ಬಟ್ಟೆ ಮುಚ್ಚಿ, ಎಷ್ಟಿತ್ತು ಎಂದು ಬರೆಯಿರಿ. ಆಮೇಲೆ ಒಂದೊಂದೇ ಎಣಿಸಿ. ಮೊದಲ ದಿನ ಬಹಳಷ್ಟು ಮಂದಿ ಅರ್ಧಕ್ಕರ್ಧ ಕಡಿಮೆ ಹೇಳುತ್ತಾರೆ. ನಂತರ ಇದನ್ನು ಮಾಡಿ: ಗುಂಪಿನ ಒಂದು ತುದಿಯಲ್ಲಿ ಹತ್ತು ಮಂಡಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿ. ಆ ಜಾಗದಂಥವು ಇಡೀ ಬಟ್ಟೆಯಲ್ಲಿ ಎಷ್ಟಿವೆ ಲೆಕ್ಕ ಹಾಕಿ. ಒಂದು ವಾರ ದಿನಾ ಸಂಜೆ ಮಾಡಿದರೆ ಕಣ್ಣು ಪಳಗುತ್ತದೆ. ಮಂಡಕ್ಕಿ ಒಂದು ಕಡೆ ದಟ್ಟವಾಗಿ, ಒಂದು ಕಡೆ ತೆಳ್ಳಗೆ ಬೀಳುತ್ತದೆ, ಅಲ್ವಾ? ಹಕ್ಕಿ ಗುಂಪೂ ಹಾಗೇ ಇರುತ್ತದೆ. ಅದಕ್ಕೇ ದಟ್ಟ ಭಾಗಕ್ಕೆ ಒಂದು ಅಳತೆ, ತೆಳು ಭಾಗಕ್ಕೆ ಇನ್ನೊಂದು ಅಳತೆ ಇಟ್ಟುಕೊಳ್ಳಿ.

ಆಮೇಲೆ ಕೆರೆಗೆ ಬನ್ನಿ. ಸೂರ್ಯ ಬೆನ್ನಿಗಿರಬೇಕು. ಅಂದರೆ ಬೆಳಗ್ಗೆ ಪೂರ್ವದ ದಡ, ಸಂಜೆ ಪಶ್ಚಿಮದ ದಡ. ಇಲ್ಲದಿದ್ದರೆ ಎಲ್ಲವೂ ಕಪ್ಪು ನೆರಳಾಗಿ ಕಾಣುತ್ತವೆ. ನಾಮಗೋಳಿಯಿಂದ ಶುರು ಮಾಡಿ. ಕಪ್ಪು ಮೈ, ಹಣೆಯಲ್ಲಿ ಬಿಳಿ ನಾಮ, ದೂರದಿಂದಲೂ ಗೊತ್ತಾಗುತ್ತದೆ. ಆಮೇಲೆ ಗುಳುಮುಳುಕ. ಅದು ಪದೇಪದೇ ಮುಳುಗುವುದರಿಂದ ಎಣಿಕೆ ತಪ್ಪುತ್ತದೆ. ಹಾಗಾಗಿ ಒಂದೇ ಜಾಗವನ್ನು ಎರಡು ಮೂರು ಸಲ ಎಣಿಸಿ, ಹೆಚ್ಚು ಬಂದ ಅಂಕಿ ಇಟ್ಟುಕೊಳ್ಳಿ. ನೀರುಕಾಗೆ, ಬೆಳ್ಳಕ್ಕಿ, ಕೊಳದ ಬಕ, ಕರಿ ಕೆಂಬರಲು, ಟಿಟ್ಟಿಭ, ಮೆಟ್ಟುಗಾಲು ಹಕ್ಕಿ, ಮಿಂಚುಳ್ಳಿ, ಇಷ್ಟು ಗಟ್ಟಿಯಾದರೆ ಕರಾವಳಿಯಲ್ಲಿ ಅರ್ಧ ಕೆಲಸ ಹಗುರ. ನವೆಂಬರಿನಿಂದ ಫೆಬ್ರವರಿವರೆಗೆ ವಲಸೆ ಹಕ್ಕಿಗಳೂ ಇರುತ್ತವೆ. ಕಲಿಯಲು ಅದೇ ಒಳ್ಳೆಯ ಕಾಲ.

ಹಂತ 4: ಪುಸ್ತಕ ಬರೆಯುವ ಕ್ರಮ

ಪ್ರತಿ ಪುಟದ ತಲೆಯಲ್ಲಿ: ದಿನಾಂಕ, ಶುರುವಾದ ಹೊತ್ತು, ಮುಗಿದ ಹೊತ್ತು, ನೀರಿನ ಮಟ್ಟ, ಗಾಳಿ, ಮೋಡ, ಯಾರ್ಯಾರು ಇದ್ದರು. ಕೆಳಗೆ: ಹಕ್ಕಿ, ಎಷ್ಟು, ಎಲ್ಲಿ, ಏನು ಮಾಡುತ್ತಿತ್ತು. "ಎಲ್ಲಿ" ಅನ್ನುವ ಕಾಲಮ್ಮಿಗೆ ನಾನು ಐದೇ ಪದ ಬಳಸುತ್ತೇನೆ: ಆಳ ನೀರು, ತೆಳು ನೀರು, ಕೆಸರು, ಜೊಂಡು, ಮರ. ಅಳಿವೆಗೆ ಹೋದಾಗಲೂ ಇದೇ ಐದು ಪದ ಸಾಕಾಗುತ್ತವೆ. ಆಗ ಎರಡೂ ಜಾಗವನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಗೊತ್ತಾಗದ ಹಕ್ಕಿಗೆ ಹೆಸರು ಕಟ್ಟಬೇಡಿ. "ಗೊರವ ಜಾತಿ, ಗೊತ್ತಾಗಲಿಲ್ಲ, 6" ಎಂದು ಬರೆಯಿರಿ. ಹೋದ ದಿನ ಏನೂ ಕಾಣದಿದ್ದರೆ ಸೊನ್ನೆ ಬರೆಯಿರಿ. ಬಾರದ ಹಕ್ಕಿಯ ದಿನವೂ ಮಾಹಿತಿಯೇ.

ಹಂತ 5: ನಡುವೆ ಒಂದು ದಿನ ಅಂಕಸಮುದ್ರಕ್ಕೆ

ಹರಪನಹಳ್ಳಿ ದಾಟಿ ಹಗರಿಬೊಮ್ಮನಹಳ್ಳಿ ಕಡೆ ಹೋದರೆ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಸಿಗುತ್ತದೆ. ಕೆರೆಯೊಳಗೇ ಜಾಲಿ ಮರಗಳು ನಿಂತಿವೆ, ಮರದ ತುಂಬ ಹಕ್ಕಿ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಕರ್ನಾಟಕದ ಮೂರು ಜಾಗಗಳಲ್ಲಿ ಇದೂ ಒಂದು. ಇನ್ನೆರಡು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ನಾವು ಹೋಗಲಿರುವ ಅಘನಾಶಿನಿ ಅಳಿವೆ. ನೀರಲ್ಲಿ ನಿಂತ ಮರ, ಮರದ ಮೇಲೆ ಹಕ್ಕಿ, ಕೆಳಗೆ ಮೀನು. ಕಾಂಡ್ಲಾ ಕಾಡಿನ ರಚನೆಯನ್ನು ಸಿಹಿನೀರಿನಲ್ಲೇ ನೋಡಿದಂತಾಗುತ್ತದೆ. ಗೂಡು ಎಣಿಸುವಾಗ ದೂರ ನಿಲ್ಲಿ. ಹತ್ತಿರ ಹೋದರೆ ತಾಯಿಹಕ್ಕಿ ಎದ್ದು ಹೋಗುತ್ತದೆ. ಬಿಸಿಲಿಗೆ ಮೊಟ್ಟೆ ಕೆಡುತ್ತದೆ, ಕಾಗೆಯೂ ಕಾಯುತ್ತಿರುತ್ತದೆ.

ಹಂತ 6: ನೀರಿನ ಗಡಿಯಾರ ನೋಡಿ ದಿನ ಗೊತ್ತು ಮಾಡಿ

ಈಗ ಕರಾವಳಿ. ಬಸ್ಸು ಬುಕ್ ಮಾಡುವ ಮುಂಚೆ ಉಬ್ಬರ-ಇಳಿತದ ಪಟ್ಟಿ ನೋಡಿ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಪಟ್ಟಿ ಹೊರಡಿಸುತ್ತದೆ. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್ಕಾಯ್ಸ್ (INCOIS) ಸಂಸ್ಥೆಯ ಜಾಲತಾಣದಲ್ಲೂ ಸಿಗುತ್ತದೆ.

ಲೆಕ್ಕ ಹೀಗಿದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಕಡಿಮೆ. ಹುಣ್ಣಿಮೆಯ ದಿನ ನಮ್ಮ ಕರಾವಳಿಯಲ್ಲಿ ನಡುಹಗಲ ಹೊತ್ತಿಗೆ ನೀರು ತುಂಬಿರುತ್ತದೆ. ನಾನು ಮೊದಲ ಸಲ ಸಿಕ್ಕಿಕೊಂಡದ್ದು ಇದರಲ್ಲೇ. ಹುಣ್ಣಿಮೆ ಕಳೆದು ಮೂರ್ನಾಲ್ಕು ದಿನಕ್ಕೆ ಇಳಿತ ಬೆಳಗ್ಗೆ ಎಂಟು-ಒಂಬತ್ತರ ಸುಮಾರಿಗೆ ಸರಿಯುತ್ತದೆ. ವಿದ್ಯಾರ್ಥಿಗಳನ್ನು ಕರೆದೊಯ್ಯಲು ನನಗೆ ಅದೇ ಇಷ್ಟ. ಆದರೆ ಅಂದಾಜಿನ ಮೇಲೆ ಹೊರಡಬೇಡಿ, ಪಟ್ಟಿ ನೋಡಿಯೇ ದಿನ ಹಿಡಿಯಿರಿ. ಅಳಿವೆಯ ಒಳಗೆ ಹೋದಷ್ಟೂ ಬಾಯಿಗಿಂತ ಸ್ವಲ್ಪ ತಡವಾಗಿ ನೀರು ಏರುತ್ತದೆ, ತಡವಾಗಿ ಇಳಿಯುತ್ತದೆ.

ಕೆಲಸದ ಕ್ರಮ: ಇಳಿತಕ್ಕೆ ಎರಡು ಗಂಟೆ ಮುಂಚೆ ಕೆಸರಿಗೆ ಇಳಿಯಿರಿ. ಗಿಡದ ಕೆಲಸ ಮೊದಲು ಮಾಡಿ. ನೀರು ತಿರುಗಿದ ತಕ್ಷಣ ಮೇಲೆ ಬನ್ನಿ. ಏರುವ ನೀರು ಹಕ್ಕಿಗಳನ್ನು ದಡದ ಕಡೆಗೆ ತಳ್ಳಿಕೊಂಡು ಬರುತ್ತದೆ, ಆಗ ದಡದಲ್ಲೇ ಕೂತು ಎಣಿಸಿ.

ನಮ್ಮೂರಿಂದ ಹಾವೇರಿ, ಶಿರಸಿ, ದೇವಿಮನೆ ಘಾಟು ಇಳಿದರೆ ಕುಮಟಾ. ಘಾಟು ರಸ್ತೆ ತೆರೆದಿದೆಯಾ ಎಂದು ಹಿಂದಿನ ದಿನವೇ ವಿಚಾರಿಸಿ. ಕಾಂಡ್ಲಾ ಕಾಡಿನಲ್ಲಿ ಅಳತೆಯ ಕೆಲಸ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕುಮಟಾ ಕಡೆಗೆ ಹೊನ್ನಾವರ ವಿಭಾಗ. ಕಾಲೇಜಿನ ಪತ್ರದೊಂದಿಗೆ ಒಂದು ತಿಂಗಳು ಮುಂಚೆಯೇ ಬರೆಯಿರಿ. ಸುಮ್ನೆ ನೋಡಿ ಕಲಿಯುವುದಾದರೆ ಹೊನ್ನಾವರದಲ್ಲಿ ಶರಾವತಿ ಕಾಂಡ್ಲಾ ಕಾಡಿನೊಳಗೆ ಹಲಗೆ ದಾರಿ ಇದೆ. ಕಾಲು ಕೆಸರಾಗದೆ ಬೇರುಗಳನ್ನು ಹತ್ತಿರದಿಂದ ನೋಡಬಹುದು. ಮೊದಲ ದಿನ ಅಲ್ಲಿಗೆ ಹೋಗುವುದು ಒಳ್ಳೆಯದು.

ಹಂತ 7: ಗಿಡ ಗುರುತಿಸುವುದು, ಬೇರಿನಿಂದ ಮೇಲಕ್ಕೆ

ನಾವು ಬಯಲುಸೀಮೆಯವರು ಗಿಡವನ್ನು ಎಲೆ ನೋಡಿ, ಹೂ ನೋಡಿ ಗುರುತಿಸುತ್ತೇವೆ. ಕಾಂಡ್ಲಾದಲ್ಲಿ ತಲೆ ಕೆಳಗೆ ಮಾಡಿ, ಬೇರಿನಿಂದ ಶುರು ಮಾಡಿ. ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಹಾಗಾಗಿ ಪ್ರತಿ ಗಿಡವೂ ಬೇರಿಗೆ ಗಾಳಿ ಕೊಡಲು ತನ್ನದೇ ದಾರಿ ಕಂಡುಕೊಂಡಿದೆ.

ಕಾಂಡದಿಂದ ಕಮಾನಿನ ಹಾಗೆ ಬೇರುಗಳು ಬಾಗಿ ಕೆಸರಿಗೆ ಇಳಿದಿದ್ದರೆ ಅದು ರೈಜೋಫೊರಾ. ಎಲೆಯ ತುದಿಯಲ್ಲಿ ಸಣ್ಣ ಸೂಜಿಯಂಥ ಮೊನೆ ಇರುತ್ತದೆ. ಕೊಂಬೆಯಿಂದ ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಇಳಿಬಿದ್ದದ್ದು ಕಾಯಿಯಲ್ಲ, ತಾಯಿಮರದ ಮೇಲೇ ಮೊಳೆತ ಸಸಿ. ಬೀಜ ನೀರಿಗೆ ಬಿದ್ದು ಕೊಚ್ಚಿಹೋಗುವ ಜಾಗದಲ್ಲಿ ಈ ಮರ ಬೀಜವನ್ನು ಬಿಡುವುದೇ ಇಲ್ಲ, ಬೆಳೆಸಿಯೇ ಕಳಿಸುತ್ತದೆ. ರೈಜೋಫೊರಾ ಮ್ಯುಕ್ರೊನೇಟಾದಲ್ಲಿ ಈ ಸಸಿ ಮೊಳಕೈ ಉದ್ದಕ್ಕೂ ಮೀರಿ ಬೆಳೆಯಬಲ್ಲದು. ಅಪಿಕ್ಯುಲೇಟಾದಲ್ಲಿ ಗಿಡ್ಡ, ಹೂವುಗಳೂ ದಪ್ಪ ತೊಟ್ಟಿನಲ್ಲಿ ಎರಡೆರಡೇ ಇರುತ್ತವೆ.

ಕೆಸರಿನಿಂದ ಪೆನ್ಸಿಲ್ಲು ನೆಟ್ಟ ಹಾಗೆ ನೂರಾರು ಬೇರು ಮೇಲೆದ್ದಿದ್ದರೆ ಅವಿಸೀನಿಯಾ. ಇದರ ಎಲೆಯೊಂದನ್ನು ಬೆಳಗಿನ ಬಿಸಿಲು ಏರಿದ ಮೇಲೆ ಹತ್ತಿರದಿಂದ ನೋಡಿ. ಕೀಳಬೇಡಿ, ಕೊಂಬೆಯನ್ನೇ ಬಾಗಿಸಿ ಹಿಡಿಯಿರಿ. ಸಣ್ಣ ಬಿಳಿ ಹರಳುಗಳು ಮಿನುಗುತ್ತವೆ. ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿಕೊಂಡರೆ ಉಪ್ಪು. ಬೇರಿನಿಂದ ಒಳಗೆ ಬಂದ ಉಪ್ಪನ್ನು ಎಲೆ ಬೆವರಿನ ಹಾಗೆ ಹೊರಗೆ ಹಾಕಿದೆ. ಹರಪನಹಳ್ಳಿಯ ಹುಡುಗಿಯೊಬ್ಬಳು ಆ ಉಪ್ಪು ಮುಟ್ಟಿ ನೋಡಿ, "ಸಾರ್, ಗಿಡ ಬೆವರ್ತದಾ?" ಎಂದು ಕೇಳಿದ್ದು ನನಗೆ ಇನ್ನೂ ನೆನಪಿದೆ. ಎಲೆ ತುದಿ ದುಂಡಗಿದ್ದು, ಹೂ ಸ್ವಲ್ಪ ದೊಡ್ಡದಿದ್ದರೆ ಅವಿಸೀನಿಯಾ ಅಫಿಸಿನಾಲಿಸ್. ತುದಿ ಚೂಪಾಗಿದ್ದು ಹೂ ಸಣ್ಣದಿದ್ದರೆ ಮರೀನಾ.

ಮೇಲೆದ್ದ ಬೇರು ಪೆನ್ಸಿಲ್ಲಿಗಿಂತ ದಪ್ಪ, ಬುಡ ಅಗಲ, ತುದಿ ಮೊನೆಯಾಗಿದ್ದರೆ ಸೊನರೇಷಿಯಾ. ಹಣ್ಣು ಪುಟ್ಟ ಸೇಬಿನ ಹಾಗೆ, ತೊಟ್ಟಿನಲ್ಲಿ ನಕ್ಷತ್ರದ ಆಕಾರ. ಹೂ ರಾತ್ರಿ ಅರಳುತ್ತದೆ, ಬಾವಲಿಗಳು ಬರುತ್ತವೆ. ಬೆಳಗ್ಗೆ ಮರದ ಕೆಳಗೆ ಕೇಸರಗಳು ಉದುರಿರುತ್ತವೆ. ಬಿಳಿಯಾದರೆ ಆಲ್ಬಾ, ಕೆಂಪಾದರೆ ಕ್ಯಾಸಿಯೊಲಾರಿಸ್ ಇರಬಹುದು.

ಮಡಿಸಿದ ಮೊಣಕಾಲಿನಂಥ ಬೇರು ಇದ್ದರೆ ಬ್ರುಗೇರಾ. ಕಾಯಿ ಕೊಂಬಿನ ಹಾಗೆ ಬಾಗಿದ್ದರೆ ಈಜಿಸೆರಾಸ್. ಮುಳ್ಳೆಲೆ, ನೀಲಿ ಹೂವಿನ ಪೊದೆ ಅಕ್ಯಾಂಥಸ್. ಕಂಡೇಲಿಯಾ ಅನ್ನುವ ಗಿಡದ ಶಾಸ್ತ್ರೀಯ ಹೆಸರೇ ಮಲಯಾಳದ "ಕಂಡಲ್" ಎಂಬ ಮಾತಿನಿಂದ ಹುಟ್ಟಿದ್ದು. ನಮ್ಮ ಕರಾವಳಿಯ "ಕಾಂಡ್ಲಾ" ಕೂಡ ಕಿವಿಗೆ ಅದೇ ಥರ ಕೇಳುವ ಮಾತು.

ಒಂದು ಗಿಡದ ಬಗ್ಗೆ ಎಚ್ಚರ: ಎಕ್ಸೊಇಕೇರಿಯಾ ಅಗಲ್ಲೋಕಾ. ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ. ಉದುರುವ ಮುಂಚೆ ಎಲೆ ಕೆಂಪಾಗುವುದು ಇದರ ಗುರುತು. ಹೊಸ ಹುಡುಗರಿಗೆ ಮೊದಲು ಇದನ್ನು ತೋರಿಸಿ, ಆಮೇಲೆ ಉಳಿದದ್ದು.

ಹಂತ 8: ಹಗ್ಗ ಹಿಡಿದು ಅಳೆಯುವುದು

ನೀರಿನ ಅಂಚಿನಿಂದ ಗಟ್ಟಿನೆಲದ ಕಡೆಗೆ ನೇರವಾಗಿ ಹಗ್ಗ ಎಳೆಯಿರಿ. ನೀರಿಗೆ ಸಮಾನಾಂತರವಾಗಿ ಎಳೆದರೆ ಒಂದೇ ಪಟ್ಟೆಯ ಗಿಡ ಸಿಗುತ್ತದೆ, ಬದಲಾವಣೆ ಕಾಣುವುದಿಲ್ಲ. ಹಗ್ಗದ ಗುಂಟ ಜಾಗ ಬಿಟ್ಟು 10×10 ಮೀಟರಿನ ಚೌಕಗಳನ್ನು ಗುರುತಿಸಿ. ಅದರೊಳಗೆ ಮರಗಳನ್ನು ಎಣಿಸಿ. ಒಂದು ಮೂಲೆಯ 1×1 ಮೀಟರಿನಲ್ಲಿ ಸಸಿಗಳನ್ನು ಎಣಿಸಿ. ಪ್ರತಿ ಚೌಕದಲ್ಲಿ ನೀರಿನ ಉಪ್ಪಿನಂಶ, ಕೆಸರು ಮೆತ್ತಗಿದೆಯಾ ಮರಳು ಬೆರೆತಿದೆಯಾ, ಏಡಿ ಬಿಲ ಇದೆಯಾ ಬರೆಯಿರಿ. ಹೆಜ್ಜೆ ಇಡುವಾಗ ಉಸಿರಾಟದ ಬೇರುಗಳನ್ನು ತುಳಿಯಬೇಡಿ. ಇಪ್ಪತ್ತು ಜನ ಒಟ್ಟಿಗೆ ಇಳಿಯುವುದು ಬೇಡವೇ ಬೇಡ. ನಾಲ್ಕು ಜನರ ತಂಡ ಸಾಕು, ಉಳಿದವರು ದಡದಲ್ಲಿ ಬರೆದುಕೊಳ್ಳಲಿ.

ಮರದ ಸುತ್ತಳತೆಯನ್ನು ಸಾಮಾನ್ಯವಾಗಿ ನೆಲದಿಂದ 1.3 ಮೀಟರ್ ಎತ್ತರದಲ್ಲಿ ತೆಗೆಯುತ್ತಾರೆ. ರೈಜೋಫೊರಾದಲ್ಲಿ ಆ ಎತ್ತರದಲ್ಲಿ ಬೇರೇ ಇರುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೇಲಿನ ಕಮಾನು ಬೇರಿನಿಂದ 30 ಸೆಂಟಿಮೀಟರ್ ಮೇಲೆ ಟೇಪು ಸುತ್ತಿ. ಸುತ್ತಳತೆ 47 ಸೆಂಟಿಮೀಟರ್ ಬಂದರೆ 3.14ರಿಂದ ಭಾಗಿಸಿ, ವ್ಯಾಸ ಸುಮಾರು 15.

ರಿಫ್ರಾಕ್ಟೋಮೀಟರನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿ. ಮೊದಲು ಶುದ್ಧ ನೀರಿನ ಹನಿ ಹಾಕಿ ಸೊನ್ನೆಗೆ ತನ್ನಿ. ಆಮೇಲೆ 35 ಗ್ರಾಂ ಉಪ್ಪು ಹಾಕಿ ಒಟ್ಟು ಒಂದು ಲೀಟರ್ ನೀರು ಮಾಡಿ. ಅದು ಹೆಚ್ಚೂಕಡಿಮೆ ಸಮುದ್ರದ ಉಪ್ಪು. ಮಳೆಗಾಲದಲ್ಲಿ ನದಿ ತುಂಬಿ ಹರಿಯುವಾಗ ಅಘನಾಶಿನಿಯ ನೀರು ಸಪ್ಪೆಯಾಗುತ್ತದೆ, ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ಇದು ಅಣೆಕಟ್ಟಿಲ್ಲದ ನದಿ. ಭದ್ರೆ ತುಂಗಭದ್ರೆಯ ಅಣೆಕಟ್ಟು ನೋಡಿ ಬೆಳೆದ ನಮಗೆ ಇದು ವಿಶೇಷವೇ. ಇಲ್ಲಿ ನೀರಿನ ಲೆಕ್ಕ ಇಟ್ಟವರು ಮಳೆ ಮತ್ತು ಸಮುದ್ರ ಮಾತ್ರ.

ಹಂತ 9: ಕೆಸರಿನ ಹಕ್ಕಿಗಳು

ದಡದ ಮೇಲೆ ಕೂರಿ, ಅಲುಗಾಡಬೇಡಿ. ಬಣ್ಣ ನೋಡಿ ಗೊಂದಲ ಮಾಡಿಕೊಳ್ಳಬೇಡಿ, ಚಳಿಗಾಲದಲ್ಲಿ ಹೆಚ್ಚಿನವು ಬೂದು ಬಣ್ಣಕ್ಕೇ ತಿರುಗಿರುತ್ತವೆ. ಕೊಕ್ಕು, ಕಾಲು, ನಡೆ ನೋಡಿ. ಓಡಿ, ತಟ್ಟನೆ ನಿಂತು, ಒಂದು ಕುಕ್ಕು ಹಾಕಿ, ಮತ್ತೆ ಓಡಿದರೆ ಪ್ಲೋವರ್. ತಲೆ ತಗ್ಗಿಸಿ ಹೊಲಿಗೆ ಯಂತ್ರದ ಹಾಗೆ ಕೆಸರು ಚುಚ್ಚುತ್ತಾ ಹೋದರೆ ಗೊರವದ ಬಳಗ. ಕಾಲು ಕೆಂಪಾಗಿದ್ದು ಹಾರುವಾಗ ರೆಕ್ಕೆಯ ಹಿಂದಿನ ಅಂಚು ಬೆಳ್ಳಗೆ ಕಂಡರೆ ರೆಡ್‌ಶ್ಯಾಂಕ್. ಕುಡುಗೋಲಿನಂತೆ ಕೆಳಕ್ಕೆ ಬಾಗಿದ ಉದ್ದ ಕೊಕ್ಕಿದ್ದರೆ ಕರ್ಲ್ಯೂ. ಕೊಕ್ಕು ಸ್ವಲ್ಪ ಗಿಡ್ಡ, ತಲೆ ಮೇಲೆ ಪಟ್ಟೆ ಇದ್ದರೆ ವಿಂಬ್ರೆಲ್. ಕೊಕ್ಕು ಉದ್ದವಿದ್ದಷ್ಟೂ ಆಳದ ಹುಳ ಸಿಗುತ್ತದೆ. ಹಾಗಾಗಿಯೇ ಒಂದೇ ಕೆಸರಿನಲ್ಲಿ ಇಷ್ಟು ಜಾತಿ ಜಗಳವಿಲ್ಲದೆ ತಿನ್ನಬಲ್ಲವು.

ಕಾಂಡ್ಲಾದ ನೆರಳಿನಲ್ಲಿ ಬಗ್ಗಿ ಕೂತ ಸಣ್ಣ ಹಸಿರು ಬಕವನ್ನೂ, ಬೇರಿನ ಮೇಲೆ ಕೂತ ಕರಿತಲೆ ಮಿಂಚುಳ್ಳಿಯನ್ನೂ ಹುಡುಕಿ. ಎರಡಕ್ಕೂ ಕಾಂಡ್ಲಾ ತುಂಬ ಒಗ್ಗಿದ ಜಾಗ. ಮೇಲೆ ಗರುಡ ಸುತ್ತುತ್ತಿರುತ್ತದೆ. ಪ್ರತಿ ಅರ್ಧ ಗಂಟೆಗೊಮ್ಮೆ ಅದೇ ಜಾಗವನ್ನು ಮತ್ತೆ ಎಣಿಸಿ, ಪಕ್ಕದಲ್ಲಿ ಆ ಹೊತ್ತಿನ ನೀರಿನ ಮಟ್ಟ ಬರೆಯಿರಿ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯಬೇಡಿ.

ಕೆಸರಿನಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ಹೆಂಗಸರು ಸಿಗುತ್ತಾರೆ. ಅವರ ಕೆಲಸಕ್ಕೆ ಅಡ್ಡ ಬರದೆ, ಬಿಡುವಾದಾಗ "ಅಕ್ಕ, ಇವತ್ತು ನೀರು ಎಷ್ಟೊತ್ತಿಗೆ ತಿರುಗ್ತದೆ?" ಎಂದು ಕೇಳಿ. ಪಟ್ಟಿಯಲ್ಲಿ ಇಲ್ಲದ ಸೂಕ್ಷ್ಮ ಅವರಿಗೆ ಗೊತ್ತು. ಪಕ್ಕದ ಗಜನಿ ಗದ್ದೆಗಳಲ್ಲಿ, ಅಂದರೆ ಅಳಿವೆಯ ಅಂಚಿನ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆದವರೂ ಸಿಕ್ಕಾರು. ನಮ್ಮ ನಾಲೆ ಭತ್ತದವರು ಕೂತು ಕೇಳಬೇಕಾದ ಮಾತುಗಳು ಅವರ ಹತ್ತಿರ ಇವೆ.

ಹಂತ 10: ಊರಿಗೆ ಬಂದ ಮೇಲೆ

ಅದೇ ವಾರ ಲೆಕ್ಕ ಕೂಡಿಸಿ, ಮುಂದೂಡಿದರೆ ನೆನಪು ಮಾಸುತ್ತದೆ. ಉದಾಹರಣೆಗೆ ಐದು ಚೌಕದಲ್ಲಿ 14, 9, 17, 11, 14 ಮರ ಸಿಕ್ಕವು ಅಂದುಕೊಳ್ಳಿ. ಒಟ್ಟು 65, ಸರಾಸರಿ 13. ಚೌಕ 100 ಚದರ ಮೀಟರ್, ಹೆಕ್ಟೇರು 10,000. ಹಾಗಾದರೆ ಹೆಕ್ಟೇರಿಗೆ 1,300 ಮರ. ಸರಾಸರಿಯ ಜೊತೆ ಐದೂ ಅಂಕಿ ಕೊಡಿ. 9ಕ್ಕೂ 17ಕ್ಕೂ ಯಾಕೆ ಅಷ್ಟು ಅಂತರ ಎಂದು ಕೇಳಿದರೆ ಉತ್ತರ ಬಹುಶಃ ಉಪ್ಪಿನಂಶದ ಕಾಲಮ್ಮಿನಲ್ಲೋ, ನೀರಿಂದ ಎಷ್ಟು ದೂರ ಅನ್ನುವುದರಲ್ಲೋ ಇರುತ್ತದೆ.

ಹಕ್ಕಿಗೆ ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ನೀರಿನ ಮಟ್ಟ, ಉದ್ದಕ್ಕೆ ಹಕ್ಕಿ ಸಂಖ್ಯೆ. ಅಳಿವೆಯ ಒಂದು ಬೆಳಗಿನ ಚುಕ್ಕೆಗಳನ್ನು ಒಂದು ಬಣ್ಣದಲ್ಲಿ, ನಿಮ್ಮ ಕೆರೆಯ ಆರು ತಿಂಗಳ ಚುಕ್ಕೆಗಳನ್ನು ಇನ್ನೊಂದು ಬಣ್ಣದಲ್ಲಿ ಇಡಿ. ಗೊರವಗಳನ್ನು ಬೇರೆ, ಮುಳುಗುವ ಹಕ್ಕಿಗಳನ್ನು ಬೇರೆ ಹಾಳೆಯಲ್ಲಿ ಹಾಕಿ.

ಹಕ್ಕಿ ಪಟ್ಟಿಗಳನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಏರಿಸಿ, ಬೇರೆಯವರಿಗೂ ಸಿಗಲಿ. ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತಿದೆ. ಆ ಹೊತ್ತಿಗೆ ನಿಮ್ಮ ಕೆರೆಯ ಎಣಿಕೆ ಸಿದ್ಧವಿರಲಿ. ಏರಿ ಮೇಲೆ ನಿಂತ ತಕ್ಷಣ ಮೊದಲು ಮೆಟ್ಟಿಲು ನೋಡಿ, ಎಷ್ಟನೆಯದು ಕಾಣುತ್ತಿದೆ ಬರೆಯಿರಿ. ದುರ್ಬೀನು ಆಮೇಲೆ.